ಸ್ಟಿಕ್ಕರ್ ಬಿಡಿ, ಪ್ರೊಸೆಸರನ್ನೇ ಕೇಳಿ

ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಕ್ಕನ ಮಗನಿಗೆ ಒಂದು ಲ್ಯಾಪ್‌ಟಾಪ್ ಬೇಕಾಯಿತು. ಎಂಜಿನಿಯರಿಂಗ್ ಮೊದಲ ವರ್ಷ. ಹೊಸದಕ್ಕೆ ದುಡ್ಡು ಜಾಸ್ತಿ, ನಮ್ಮ ಅಡಿಕೆ ಇನ್ನೂ ಮಂಡಿಯಲ್ಲೇ ಕೂತಿತ್ತು. ಸೆಕೆಂಡ್ ಹ್ಯಾಂಡ್ ನೋಡೋಣ ಅಂತ ಇಬ್ಬರೂ ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆವು. ಎರಡು ಮೂರು ಕಡೆ ಅಲೆದ ಮೇಲೆ ಒಂದು ಅಂಗಡಿಯಲ್ಲಿ ನೋಡಲಿಕ್ಕೆ ಚೆನ್ನಾಗಿರುವ ಒಂದು ಸಿಕ್ಕಿತು. ಗೀರು ಕಡಿಮೆ, ಕೀಲಿಗಳೆಲ್ಲ ಸರಿ, ಕೀಬೋರ್ಡಿನ ಕೆಳಗೆ ನೀಲಿ ಸ್ಟಿಕ್ಕರ್.

"ಐ7 ಸಾರ್. ಸ್ಟಿಕ್ಕರ್ ನೋಡಿ, ಒರಿಜಿನಲ್" ಅಂದರು ಅಂಗಡಿಯವರು.

"ಮಾವ, ಐ7 ಅಂತೆ" ಅಂದ ಹುಡುಗ. ಐ7 ಎಂದರೆ ಇಂಟೆಲ್ ಕಂಪನಿಯ ಮೇಲ್ದರ್ಜೆಯ ಪ್ರೊಸೆಸರ್ ಚಿಪ್, ಐ5 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅವನ ಮಟ್ಟಿಗೆ ವ್ಯಾಪಾರ ಮುಗಿದಿತ್ತು.

ನಾನು ಅಡಿಕೆ ಮನೆಯವನು. ಚೀಲದ ಬಾಯಲ್ಲಿ ಕಾಣುವುದು ಒಳ್ಳೆ ದರದ ರಾಶಿ ಅಡಿಕೆ ಇರಬಹುದು, ಅಡಿಯಲ್ಲಿ ಕಡಿಮೆ ದರದ ಗೊರಬಲು ಇರಬಹುದು. ಮಂಡಿಯಲ್ಲಿ ಯಾರೂ ಚೀಲದ ಮೇಲಿನ ಬರಹ ನೋಡಿ ದರ ಹೇಳುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರೆ. ಲ್ಯಾಪ್‌ಟಾಪಿಗೂ ಹಾಗೆ ಕೈ ಹಾಕಬಹುದು. ಅದರಲ್ಲಿ ವಿಂಡೋಸ್ ಇರಲಿಲ್ಲ, "ಹಾಕ್ಸಿಕೊಡ್ತೀವಿ, ಅದಕ್ಕೆ ಬೇರೆ" ಅಂದಿದ್ದರು. ಜೇಬಿನಲ್ಲಿ ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಆಪರೇಟಿಂಗ್ ಸಿಸ್ಟಂ) ತುಂಬಿದ ಪೆನ್‌ಡ್ರೈವ್ ಇತ್ತು. ಚುಚ್ಚಿ, ಅದರಿಂದಲೇ ಯಂತ್ರ ಶುರು ಮಾಡಿ, ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದು ಒಂದು ಪದ ಬರೆದೆ: ಎಲ್‌ಎಸ್‌ಸಿಪಿಯು.

ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನೀವು ಒತ್ತುವಾಗ ಅವೇ ಇಂಗ್ಲಿಷ್ ಅಕ್ಷರಗಳು, ಸಾಮಾನ್ಯವಾಗಿ ಎಲ್ಲ ಸಣ್ಣಕ್ಷರ. ಎಲ್, ಎಸ್, ಸಿ, ಪಿ, ಯು, ನಡುವೆ ಜಾಗ ಬೇಡ, ಆಮೇಲೆ ಎಂಟರ್. ಅಷ್ಟೇ.

ಪರದೆ ತುಂಬ ಸಾಲುಗಳು ಬಂದವು. ಗಾಬರಿ ಬೀಳಬೇಡಿ, ಮೊದಲ ಸಲಕ್ಕೆ ನೋಡಬೇಕಾದದ್ದು ಐದಾರು ಸಾಲು ಮಾತ್ರ. ನಾನು ಹುಡುಕಿದ್ದು 'ಮಾಡೆಲ್ ನೇಮ್' ಎಂಬ ಸಾಲು. ಅಲ್ಲಿತ್ತು: ಇಂಟೆಲ್ ಕೋರ್ ಐ5-6200ಯು, 2.30 ಗಿಗಾಹರ್ಟ್ಸ್.

ಅಂಗಡಿಯವರು ಬಗ್ಗಿ ನೋಡಿದರು. "ಬಾಡಿ ಬೇರೆದಿರ್ಬೇಕು ಸಾರ್, ನಮಗೂ ಹಂಗೇ ಬಂದಿದ್ದು" ಅಂದರು. ಸುಳ್ಳು ಅಂತ ಹೇಳಲಾರೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಒಂದರ ಕವಚ ಒಡೆದರೆ ಇನ್ನೊಂದರದ್ದು ಹಾಕುತ್ತಾರೆ, ಸ್ಟಿಕ್ಕರ್ ಅದರ ಜೊತೆ ಬರುತ್ತದೆ. ದರದಲ್ಲಿ ಎರಡು ಸಾವಿರ ಇಳಿಯಿತು, ನಾವು ಅದನ್ನೇ ತಂದೆವು.

ಈ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಬೇರೆಯೇ ಇದೆ. ಮಾಡೆಲ್ ನೇಮ್ ನೋಡದೆ ಬರೀ 'ಎಷ್ಟು ಕೋರ್' (ಚಿಪ್ ಒಳಗೆ ಕೆಲಸ ಮಾಡುವ ಘಟಕ) ಅಂತ ಎಣಿಸಿದ್ದರೆ ನಾವು ಏಮಾರುತ್ತಿದ್ದೆವು. ಅದೇ ತಲೆಮಾರಿನ ಐ7-6500ಯು ಇದೆಯಲ್ಲ, ಅದಕ್ಕೂ ಎರಡೇ ಕೋರ್, ನಾಲ್ಕೇ ಥ್ರೆಡ್ (ಅದೇನು ಅಂತ ಮುಂದೆ ಹೇಳುತ್ತೇನೆ). ಐ5-6200ಯುಗೂ ಅಷ್ಟೇ. ವ್ಯತ್ಯಾಸ ಇರುವುದು ವೇಗದಲ್ಲಿ ಮತ್ತು ಕ್ಯಾಶ್‌ನಲ್ಲಿ (ಚಿಪ್ ಒಳಗಿನ ಸಣ್ಣ, ವೇಗದ ಮೆಮೊರಿ): ಐ5ರ ಗರಿಷ್ಠ ವೇಗ 2.8 ಗಿಗಾಹರ್ಟ್ಸ್, ಐ7ರದ್ದು 3.1. ಮೂರನೇ ಹಂತದ ಕ್ಯಾಶ್ ಇದಕ್ಕೆ 3 ಎಂಬಿ, ಅದಕ್ಕೆ 4. ಐ7 ಅಂದ ಕೂಡಲೇ ಎಂಟು ಕೋರ್ ಅಂದುಕೊಳ್ಳುವವರು ಇದನ್ನು ನೆನಪಿಡಿ. ಸಂಖ್ಯೆಯ ಕೊನೆಯಲ್ಲಿ ಯು ಇದ್ದರೆ ಅದು ಕರೆಂಟ್ ಕಡಿಮೆ ತಿನ್ನುವ ತೆಳು ಲ್ಯಾಪ್‌ಟಾಪ್‌ಗೆ ಮಾಡಿದ ಚಿಪ್. ಮೊದಲ ಅಂಕಿ 6 ಎಂದರೆ ಆರನೇ ತಲೆಮಾರು, 2015ರದ್ದು.

ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗ ಪರದೆಯ ಫೋಟೋ ತೆಗೆದಿದ್ದನ್ನು ನೋಡುತ್ತಾ ಕೂತಿದ್ದ. "ಮಾವ, ಇಲ್ಲಿ ಸಿಪಿಯು ನಾಲ್ಕು ಅಂತಿದೆ. ನೀವು ಎರಡು ಅಂತೀರ."

ಎಲ್ಲರೂ ಜಾರುವ ಜಾಗ ಇದು. ಎಲ್‌ಎಸ್‌ಸಿಪಿಯು ಮೇಲಿನ ಭಾಗದಲ್ಲಿ 'ಸಿಪಿಯುಸ್: 4' ಅಂತ ತೋರಿಸುತ್ತದೆ. ಅದು ಕೋರ್‌ಗಳ ಲೆಕ್ಕ ಅಲ್ಲ. ಸ್ವಲ್ಪ ಕೆಳಗೆ ಮೂರು ಸಾಲು ಇರುತ್ತವೆ: ಒಂದು ಕೋರ್‌ಗೆ ಎಷ್ಟು ಥ್ರೆಡ್, ಒಂದು ಸಾಕೆಟ್‌ಗೆ ಎಷ್ಟು ಕೋರ್, ಒಟ್ಟು ಎಷ್ಟು ಸಾಕೆಟ್. ಈ ಮೂರನ್ನೂ ಗುಣಿಸಿದರೆ ಮೇಲಿನ ಸಂಖ್ಯೆ ಬರುತ್ತದೆ. ನಮ್ಮದರಲ್ಲಿ ಎರಡು, ಎರಡು, ಒಂದು. ಗುಣಿಸಿದರೆ ನಾಲ್ಕು. ಸಾಕೆಟ್ ಎಂದರೆ ಬೋರ್ಡಿನ ಮೇಲೆ ಚಿಪ್ ಕೂರುವ ಜಾಗ. ಮನೆಯ ಯಂತ್ರಗಳಲ್ಲಿ ಅದು ಯಾವಾಗಲೂ ಒಂದೇ ಅನ್ನಿ. ದೊಡ್ಡ ಸರ್ವರ್‌ಗಳಲ್ಲಿ ಎರಡು, ನಾಲ್ಕು ಇರುತ್ತವೆ.

ಹಾಗಾದರೆ ಥ್ರೆಡ್ ಅಂದರೆ? ಕೊಯ್ಲಿನ ಕಾಲದಲ್ಲಿ ನಮ್ಮ ಮನೆ ಚಪ್ಪರದಡಿ ಅಡಿಕೆ ಸುಲಿಯುವುದನ್ನು ನೆನಪಿಸಿಕೊಳ್ಳಿ ಅಂದೆ. ಇಬ್ಬರು ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಾರೆ. ಒಬ್ಬೊಬ್ಬರ ಪಕ್ಕ ಒಂದೊಂದು ಬುಟ್ಟಿ. ಬುಟ್ಟಿ ಖಾಲಿಯಾದರೆ ಇನ್ನೊಂದು ಹೊತ್ತು ತರುವವರೆಗೆ ಕತ್ತಿ ಸುಮ್ನೆ ಕೂತಿರುತ್ತದೆ. ಅದರ ಬದಲು ಒಬ್ಬೊಬ್ಬರಿಗೆ ಎರಡೆರಡು ಬುಟ್ಟಿ ಇಟ್ಟರೆ ಏನಾಗುತ್ತದೆ? ಒಂದು ಖಾಲಿಯಾದಾಗ ಇನ್ನೊಂದಕ್ಕೆ ಕೈ ಹೋಗುತ್ತದೆ. ಕೆಲಸ ಸ್ವಲ್ಪ ಜಾಸ್ತಿ ಸಾಗುತ್ತದೆ, ಆದರೆ ಎರಡರಷ್ಟು ಸಾಗುವುದಿಲ್ಲ. ಬುಟ್ಟಿ ನಾಲ್ಕು, ಸುಲಿಯುವವರು ಇಬ್ಬರೇ. ಕೋರ್ ಎಂದರೆ ಸುಲಿಯುವವರು, ಥ್ರೆಡ್ ಎಂದರೆ ಬುಟ್ಟಿ. ಪ್ರೊಸೆಸರ್ ವಿಷಯದಲ್ಲಿ ಬುಟ್ಟಿ ತರುವುದು ತಡವಾಗುವುದು ಬಹುಪಾಲು ಮೆಮೊರಿಯಿಂದ ಡೇಟಾ ಬರುವುದು ತಡವಾದಾಗ. ಇಂಟೆಲ್ ಇದನ್ನು ಹೈಪರ್‌ಥ್ರೆಡಿಂಗ್ ಎಂಬ ಹೆಸರಿನಲ್ಲಿ 2002ರಲ್ಲಿ ತಂದಿತು. ಲಿನಕ್ಸಿನ ತಿರುಳಾದ ಕರ್ನಲ್ ಎಣಿಸುವುದು ಬುಟ್ಟಿಗಳನ್ನು. ಅದರ ಭಾಷೆಯಲ್ಲಿ ಒಂದೊಂದು ಬುಟ್ಟಿಯೂ ಒಂದು ಸಿಪಿಯು.

ಯಾವ ಬುಟ್ಟಿ ಯಾರದ್ದು ಅಂತಲೂ ಕೇಳಬಹುದು. ಎಲ್‌ಎಸ್‌ಸಿಪಿಯು ಬರೆದು ಒಂದು ಜಾಗ ಬಿಟ್ಟು ಅಡ್ಡಗೆರೆ, ಇ ಹಾಕಿ. ಒಂದು ಸಣ್ಣ ಪಟ್ಟಿ ಬರುತ್ತದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿಪಿಯು 0 ಮತ್ತು 2 ಒಂದೇ ಕೋರ್‌ನಲ್ಲಿ, 1 ಮತ್ತು 3 ಇನ್ನೊಂದರಲ್ಲಿ. ಎಣಿಕೆ ಸೊನ್ನೆಯಿಂದ ಶುರು. ಕೊನೆಯದು 3 ಎಂದರೆ ಒಟ್ಟು ನಾಲ್ಕು. ಇದನ್ನು ಮರೆತು ಒಂದು ಕಡಿಮೆ ಹೇಳಿದವರನ್ನು ನಾನು ನೋಡಿದ್ದೇನೆ. ನಾನೂ ಹೇಳಿದ್ದೇನೆ.

ಕ್ಯಾಶ್ ಸಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್1 ಎಂದರೆ ಕೈಗೆಟುಕುವಲ್ಲಿ ಇಟ್ಟದ್ದು, ಎಲ್2 ಪಕ್ಕದ ಜಗಲಿಯಲ್ಲಿ, ಎಲ್3 ಒಳಗಿನ ಕೋಣೆಯಲ್ಲಿ, ರ‍್ಯಾಮ್ ಎಂದರೆ ಅಟ್ಟದ ಮೇಲೆ. ಒಂದು ಎಚ್ಚರಿಕೆ ಮಾತ್ರ. ಹೊಸ ಎಲ್‌ಎಸ್‌ಸಿಪಿಯು ಎಲ್ಲ ಕೋರ್‌ಗಳ ಕ್ಯಾಶ್ ಕೂಡಿಸಿ ಒಟ್ಟು ಹೇಳುತ್ತದೆ, ಹಳೆಯದು ಒಂದು ಕೋರ್‌ನದ್ದು ಹೇಳುತ್ತಿತ್ತು. ಎರಡು ಯಂತ್ರ ಹೋಲಿಸುವಾಗ ಇದು ಗೊತ್ತಿರಲಿ.

ಅಂಗಡಿಯಲ್ಲಿ ಸ್ಟಿಕ್ಕರ್ ಒಂದು ಹೇಳಿತು, ಪರದೆ ಇನ್ನೊಂದು ಹೇಳಿತು. ನಾವು ಪರದೆಯನ್ನು ನಂಬಿದೆವು. ಯಾಕೆ ನಂಬಬೇಕು? ಪರದೆಗೆ ಹೇಳಿದ್ದು ಯಾರು?

ಎಕ್ಸ್86 ಜಾತಿಯ ಚಿಪ್‌ಗಳಲ್ಲಿ, ಅಂದರೆ ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಚಿಪ್‌ಗಳಲ್ಲಿ, ಸಿಪಿಯುಐಡಿ ಅಂತ ಒಂದು ಆಜ್ಞೆ ಚಿಪ್‌ನೊಳಗೇ ಇದೆ. 'ನೀನು ಯಾರು' ಅಂತ ಚಿಪ್ಪನ್ನೇ ಕೇಳುವ ಆಜ್ಞೆ. 1993ರಲ್ಲಿ ಪೆಂಟಿಯಂ ಬಂದ ಕಾಲದಿಂದ ಇದೆ, ಕೊನೆಕೊನೆಯ 486 ಚಿಪ್‌ಗಳಲ್ಲೂ ಇತ್ತು. ಉತ್ತರ ಬರುವುದು ಚೂರುಚೂರಾಗಿ, ಒಂದೊಂದು ಚೂರಿಗೆ ನಾಲ್ಕು ಅಕ್ಷರ. ಮೂರು ಚೂರು ಸೇರಿಸಿದರೆ ಹನ್ನೆರಡು ಅಕ್ಷರದ ಹೆಸರು: ಇಂಟೆಲ್ ಆದರೆ 'ಜೆನ್ಯುಇನ್‌ಇಂಟೆಲ್', ಎಎಂಡಿ ಆದರೆ 'ಅಥೆಂಟಿಕ್‌ಎಎಂಡಿ'. ಹನ್ನೆರಡಕ್ಕೆ ಸರಿಹೊಂದಲಿ ಅಂತಲೇ ಆ ವಿಶೇಷಣಗಳನ್ನು ಅಂಟಿಸಿದ ಹಾಗಿದೆ. ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿ, ಎರಡೂ ಸರಿಯಾಗಿ ಹನ್ನೆರಡು. ಮಾಡೆಲ್ ನೇಮ್ ಇನ್ನೊಂದು ಪ್ರಶ್ನೆಗೆ ಬರುವ ಉತ್ತರ, ಅದಕ್ಕೆ 48 ಅಕ್ಷರಗಳ ಜಾಗ ಇದೆ.

ಯಂತ್ರ ಶುರುವಾಗುವಾಗ ಕರ್ನಲ್ ಈ ಪ್ರಶ್ನೆಗಳನ್ನು ಕೇಳಿ ಇಟ್ಟುಕೊಳ್ಳುತ್ತದೆ. ನಮಗೆ ಹೇಳುವುದು ಫೈಲ್‌ಗಳ ರೂಪದಲ್ಲಿ. ಅದರಲ್ಲಿ ಹಳೆಯದು, ಹೆಸರುವಾಸಿಯಾದದ್ದು /ಪ್ರಾಕ್/ಸಿಪಿಯುಇನ್ಫೋ. ಕ್ಯಾಟ್ ಅಂತ ಬರೆದು, ಜಾಗ ಬಿಟ್ಟು, ಈ ದಾರಿ ಬರೆದರೆ ಒಳಗಿರುವುದೆಲ್ಲ ಪರದೆಗೆ ಬರುತ್ತದೆ.

ಇಲ್ಲೊಂದು ಮೋಜು ಇದೆ, ಮಾಡಿ ನೋಡಿ. ಎಲ್‌ಎಸ್ -ಎಲ್ ಕೊಟ್ಟು ಆ ಫೈಲಿನ ಗಾತ್ರ ಕೇಳಿದರೆ ಸೊನ್ನೆ ಅನ್ನುತ್ತದೆ. ಖಾಲಿ ಫೈಲು. ಆದರೆ ಕ್ಯಾಟ್ ಕೊಟ್ಟರೆ ನೂರಕ್ಕೂ ಹೆಚ್ಚು ಸಾಲು ಸುರಿಯುತ್ತದೆ. ಯಾಕೆಂದರೆ ಅದು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಮನೆಯ ಅಜ್ಜಿ ಊರಿನ ನೆಂಟಸ್ತಿಕೆಯ ಲೆಕ್ಕ ಎಲ್ಲೂ ಬರೆದಿಟ್ಟಿರುವುದಿಲ್ಲ, ಕೇಳಿದ ಕೂಡಲೇ ಮೂರು ತಲೆಮಾರು ಹೇಳುತ್ತಾಳೆ. ಹಾಗೇ ಇದು. ನೀವು ಓದಲು ಹೋದ ಕ್ಷಣದಲ್ಲಿ ಕರ್ನಲ್ ಆ ಸಾಲುಗಳನ್ನು ಕಟ್ಟಿ ಕೊಡುತ್ತದೆ. ಓಡುತ್ತಿರುವ ಪ್ರೋಗ್ರಾಂಗಳನ್ನು ಹೀಗೆ ಫೈಲ್‌ಗಳಂತೆ ತೋರಿಸುವ ಯೋಚನೆಯನ್ನು 1984ರಲ್ಲಿ ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ ಎಂಟನೇ ಆವೃತ್ತಿಗಾಗಿ ಟಾಮ್ ಕಿಲಿಯನ್ ಮುಂದಿಟ್ಟರು. ಲಿನಕ್ಸ್ ಅದನ್ನು ತೆಗೆದುಕೊಂಡು ಪ್ರೊಸೆಸರ್, ಮೆಮೊರಿ ಎಲ್ಲವನ್ನೂ ಅದರೊಳಗೆ ತುಂಬಿತು. ಹಾಗಾಗಿ ಸಿಪಿಯುಇನ್ಫೋ ಲಿನಕ್ಸಿನ ರೂಢಿ. ಮ್ಯಾಕ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸಿಪಿಯುಇನ್ಫೋ ಒಂದೊಂದು ಬುಟ್ಟಿಗೂ ಅದೇ ಪಾಠ ಮತ್ತೆ ಮತ್ತೆ ಒಪ್ಪಿಸುತ್ತದೆ. ಅದಕ್ಕೇ ಅಷ್ಟುದ್ದ. ನೋಡಬೇಕಾದ ಜೋಡಿ 'ಸಿಬ್ಲಿಂಗ್ಸ್' ಮತ್ತು 'ಸಿಪಿಯು ಕೋರ್ಸ್'. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ ಹೈಪರ್‌ಥ್ರೆಡಿಂಗ್ ಚಾಲೂ ಇದೆ. 'ಫ್ಲಾಗ್ಸ್' ಸಾಲಿನಲ್ಲಿ (ಚಿಪ್‌ನ ಸೌಲಭ್ಯಗಳ ಗುರುತುಗಳ ಪಟ್ಟಿ) ಎಚ್‌ಟಿ ಅಂತ ಇದೆಯಲ್ಲ, ಅದನ್ನು ನೋಡಿ ಹೈಪರ್‌ಥ್ರೆಡಿಂಗ್ ಇದೆ ಅಂತ ತೀರ್ಮಾನ ಮಾಡಬೇಡಿ. ಆ ಸೌಲಭ್ಯವೇ ಇಲ್ಲದ ಬಹು-ಕೋರ್ ಚಿಪ್‌ಗಳಲ್ಲೂ ಆ ಗುರುತು ಇರುತ್ತದೆ.

ಫ್ಲಾಗ್ಸ್ ಸಾಲು ಉಪ್ಪಿನಕಾಯಿ ಭರಣಿ ಇದ್ದ ಹಾಗೆ, ಎಲ್ಲವನ್ನೂ ತುರುಕಿರುತ್ತಾರೆ. ಬೇಕಾದ್ದು ನಾಲ್ಕೈದು. ಎಲ್‌ಎಂ ಇದ್ದರೆ ಚಿಪ್ 64-ಬಿಟ್. ವಿಎಂಎಕ್ಸ್ ಇಂಟೆಲ್‌ನಲ್ಲಿ, ಎಸ್‌ವಿಎಂ ಎಎಂಡಿಯಲ್ಲಿ, ಎರಡಕ್ಕೂ ಅರ್ಥ ಒಂದೇ: ಇದರಲ್ಲಿ ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್) ಚೆನ್ನಾಗಿ ಓಡಿಸಬಹುದು. ಎಇಎಸ್ ಇದ್ದರೆ ಗೂಢಲಿಪಿ ಕೆಲಸ ವೇಗ. ಎವಿಎಕ್ಸ್2 ಈಗೀಗ ಮುಖ್ಯವಾಗುತ್ತಿದೆ. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಅದು ಇರುವ ಚಿಪ್‌ಗಳನ್ನೇ ಬೇಡುತ್ತದೆ. ನಮ್ಮ 6200ಯುನಲ್ಲಿ ಅದು ಇದೆ, ಹತ್ತು ವರ್ಷ ಹಳತಾದರೂ. ಹಳೆಯ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕುವ ಮೊದಲು ಗ್ರೆಪ್ ಕಮಾಂಡಿನಿಂದ ಈ ಒಂದು ಪದ ಹುಡುಕಿದರೆ ಅರ್ಧ ದಿನ ಉಳಿಯುತ್ತದೆ.

ಬೋಗೋಮಿಪ್ಸ್ ಅಂತ ಒಂದು ಸಾಲು ಇರುತ್ತದೆ, ಅದರ ಮುಂದೆ ಸಾವಿರಗಳಲ್ಲಿ ಒಂದು ಸಂಖ್ಯೆ. ಅದನ್ನು ನೋಡಿ ಯಾರೂ ಯಂತ್ರ ಕೊಳ್ಳಬಾರದು. ಹೆಸರಿನಲ್ಲೇ 'ಬೋಗಸ್' ಇದೆ. ಸ್ವಲ್ಪ ಹೊತ್ತು ಕಾಯಬೇಕು ಅಂದಾಗ ಸುಮ್ನೆ ಎಷ್ಟು ಸುತ್ತು ತಿರುಗಬೇಕು ಅಂತ ಕರ್ನಲ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಅಳತೆ ಅದು. ನಮ್ಮ ಲ್ಯಾಪ್‌ಟಾಪಿನಲ್ಲಿ ಅದು ನಾಲ್ಕು ಸಾವಿರ ದಾಟುತ್ತದೆ. ನನ್ನ ಅಟ್ಟದ ಮೇಲಿರುವ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಬರೀ 108. ಪೈ ಏನೂ ನಲವತ್ತು ಪಟ್ಟು ನಿಧಾನ ಅಲ್ಲ. ಅಲ್ಲಿ ಕರ್ನಲ್ ಬೇರೆ ಗಡಿಯಾರದಿಂದ ಲೆಕ್ಕ ಹಾಕುತ್ತದೆ, ಅಷ್ಟೇ.

ಎಲ್‌ಎಸ್‌ಸಿಪಿಯು ಕೊನೆಯಲ್ಲಿ 'ವಲ್ನರಬಿಲಿಟಿ' ಎಂದು ಶುರುವಾಗುವ ಸಾಲುಗಳ ಸಾಲೇ ಬರುತ್ತದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಚಿಪ್‌ನ ದೋಷಗಳು ಬಯಲಾದವು, ಆಮೇಲೆ ಇನ್ನೂ ಹಲವು. ಸಾಲಿನಲ್ಲಿ 'ಮಿಟಿಗೇಶನ್' ಅಂತ ಇದ್ದರೆ ಕರ್ನಲ್ ತೇಪೆ ಹಾಕಿದೆ ಅಂತ ಅರ್ಥ. ಬರೀ 'ವಲ್ನರಬಲ್' ಅಂತ ಇದ್ದರೆ ಅಪ್‌ಡೇಟ್ ಮಾಡಿ.

ಸಣ್ಣ ಕಮಾಂಡ್‌ಗಳು ಎರಡು. ಯುನೇಮ್ -ಎಂ, ಮತ್ತು ಎನ್‌ಪ್ರಾಕ್. ಯುನೇಮ್ ಹೇಳುವುದು ಕರ್ನಲ್ ಯಾವ ಜಾತಿಯದು ಅಂತ, ಚಿಪ್ ಯಾವ ಜಾತಿಯದು ಅಂತ ಅಲ್ಲ. 64-ಬಿಟ್ ಚಿಪ್ ಮೇಲೆ ಯಾರೋ 32-ಬಿಟ್ ಲಿನಕ್ಸ್ ಹಾಕಿದ್ದರೆ ಯುನೇಮ್ ಐ686, ಅಂದರೆ 32-ಬಿಟ್, ಅನ್ನುತ್ತದೆ, ಅದರದ್ದೇನೂ ತಪ್ಪಿಲ್ಲ. ಚಿಪ್‌ನ ಸಾಮರ್ಥ್ಯ ತಿಳಿಯಲು ಆಗಲೇ ಹೇಳಿದ ಎಲ್‌ಎಂ ಫ್ಲಾಗ್ ನೋಡಬೇಕು. ಎನ್‌ಪ್ರಾಕ್ ಒಂದೇ ಒಂದು ಸಂಖ್ಯೆ ಕೊಡುತ್ತದೆ. ಅದು ಯಂತ್ರದಲ್ಲಿ ಎಷ್ಟು ಇದೆ ಎಂದಲ್ಲ, ಈಗ ಈ ಪ್ರೋಗ್ರಾಂಗೆ ಎಷ್ಟು ಸಿಗುತ್ತದೆ ಎಂದು. ಟಾಸ್ಕ್‌ಸೆಟ್ ಕಮಾಂಡಿನಿಂದ ಒಂದೇ ಸಿಪಿಯುಗೆ ಕಟ್ಟಿಹಾಕಿ ಕೇಳಿದರೆ ಅದು ಒಂದು ಅನ್ನುತ್ತದೆ. ಪೂರ್ತಿ ಲೆಕ್ಕ ಬೇಕಾದರೆ ಎರಡು ಅಡ್ಡಗೆರೆ ಹಾಕಿ ಆಲ್ ಅಂತ ಸೇರಿಸಿ.

ಇನ್ನು ವೇಗ. ಮಾಡೆಲ್ ನೇಮ್‌ನಲ್ಲಿ 2.30 ಅಂತ ಇದೆ. ಗರಿಷ್ಠ ಮೆಗಾಹರ್ಟ್ಸ್ ಸಾಲು 2800 ಅನ್ನುತ್ತದೆ, ಕನಿಷ್ಠ 400. ಸಿಪಿಯುಇನ್ಫೋದ ಎಂಎಚ್‌ಝಡ್ ಸಾಲು ಒಂದು ಸಲ 800, ಇನ್ನೊಂದು ಸಲ 2700. ಹುಡುಗ "ಇದು ಹಾಳಾಗಿದೆ ಮಾವ" ಅಂತ ರಾತ್ರಿ ಫೋನ್ ಮಾಡಿದ್ದು ಇದಕ್ಕೇ. ಹಾಳಾಗಿಲ್ಲ. ಆಗುಂಬೆ ಘಾಟಿ ಹತ್ತುವಾಗ ಬಸ್ಸಿನ ಎಂಜಿನ್ ಕೂಗುವುದೇ ಬೇರೆ, ಬಸ್ ನಿಲ್ದಾಣದಲ್ಲಿ ನಿಂತು ಗುರುಗುಡುವುದೇ ಬೇರೆ ಅಲ್ವಾ? ಕೆಲಸ ಇಲ್ಲದಾಗ ಚಿಪ್ ವೇಗ ಇಳಿಸಿಕೊಂಡು ಬ್ಯಾಟರಿ ಉಳಿಸುತ್ತದೆ. ವಾಚ್ ಕಮಾಂಡಿನ ಜೊತೆ ಗ್ರೆಪ್ ಸೇರಿಸಿ ಆ ಸಾಲನ್ನು ಸೆಕೆಂಡಿಗೊಮ್ಮೆ ನೋಡುತ್ತಾ, ಪಕ್ಕದಲ್ಲಿ ಒಂದು ವಿಡಿಯೋ ಹಾಕಿ. ಅಂಕಿಗಳು ಕುಣಿಯುವುದು ಕಾಣುತ್ತದೆ.

ಇದೇ ವಿಷಯ /ಸಿಸ್ ಎಂಬ ಇನ್ನೊಂದು ಮರದಲ್ಲೂ ಇದೆ. ಅದರೊಳಗೆ ಡಿವೈಸಸ್, ಸಿಸ್ಟಂ, ಸಿಪಿಯು, ಸಿಪಿಯು0, ಸಿಪಿಯುಫ್ರೀಕ್ ಅಂತ ಇಳಿದು ಹೋದರೆ ಒಂದು ಫೈಲಿಗೆ ಒಂದೇ ಸಂಖ್ಯೆ. ಅಲ್ಲಿ ವೇಗ ಕಿಲೋಹರ್ಟ್ಸ್ ಲೆಕ್ಕದಲ್ಲಿ: 2700000 ಎಂದರೆ 2.7 ಗಿಗಾಹರ್ಟ್ಸ್. ಉಷ್ಣತೆ /ಸಿಸ್/ಕ್ಲಾಸ್/ಥರ್ಮಲ್ ಕೆಳಗೆ, ಅದು ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ: 48000 ಕಂಡರೆ ಲ್ಯಾಪ್‌ಟಾಪಿಗೆ ಬೆಂಕಿ ಬಿದ್ದಿಲ್ಲ, 48 ಡಿಗ್ರಿ.

ಇನ್ನೊಂದು ಕಮಾಂಡ್ ಡಿಎಂಐಡಿಕೋಡ್. ಮೊದಲು ಸುಡೊ (ಯಂತ್ರದ ಯಜಮಾನನ ಅಧಿಕಾರ ಕೊಡುವ ಪದ) ಹಾಕಿ, -ಟಿ ಪ್ರೊಸೆಸರ್ ಅಂತ ಕೊಡಬೇಕು. ಇದು ಚಿಪ್ಪನ್ನು ಕೇಳುವುದಿಲ್ಲ. ಬೋರ್ಡ್ ಮಾಡಿದವರು ಫರ್ಮ್‌ವೇರ್‌ನಲ್ಲಿ (ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಬರೆದಿಟ್ಟ ಪಟ್ಟಿಯನ್ನು ಓದುತ್ತದೆ. ನಮ್ಮ ಕಡೆ ಪಹಣಿ ಇದೆಯಲ್ಲ, ಹಾಗೆ. ಬಹಳ ಸಲ ಸರಿ ಇರುತ್ತದೆ. ಕೆಲವು ಸಲ ಪಹಣಿಯಲ್ಲಿ ಭತ್ತ ಅಂತಿರುತ್ತದೆ, ಹೋಗಿ ನೋಡಿದರೆ ಅಡಿಕೆ ತೋಟ. ಡಿಎಂಐಡಿಕೋಡ್‌ನಲ್ಲೂ 'ತಯಾರಕರು ತುಂಬಬೇಕು' ಎಂಬ ಅರ್ಥದ ಖಾಲಿ ವಾಕ್ಯ ಹಾಗೇ ಉಳಿದಿರುವುದು ಸಾಮಾನ್ಯ. ಅಲ್ಲಿ ಕಾಣುವ 'ಮ್ಯಾಕ್ಸ್ ಸ್ಪೀಡ್' ಎಷ್ಟೋ ಸಲ ಬೋರ್ಡ್ ತಡೆದುಕೊಳ್ಳುವ ಗರಿಷ್ಠ, ನಿಮ್ಮ ಚಿಪ್‌ನದ್ದಲ್ಲ. ಸಾಕೆಟ್ ಯಾವುದು ಅಂತ ತಿಳಿಯಲು ಇದು ಒಳ್ಳೆಯದು. ವೇಗ ತಿಳಿಯಲು ಬೇಡ.

ಚಿಪ್ಪೇ ಹೇಳಿದರೂ ನಂಬಲಾಗದ ಒಂದು ಜಾಗ ಇದೆ: ಬಾಡಿಗೆ ಸರ್ವರ್. ನಮ್ಮೂರ ಮಳೆ ಲೆಕ್ಕದ ಪುಟ ಇಡಲು ನಾನು ಒಂದು ಸಣ್ಣದನ್ನು ತೆಗೆದುಕೊಂಡಿದ್ದೇನೆ. ಅಲ್ಲಿ ಎಲ್‌ಎಸ್‌ಸಿಪಿಯು ಕೊಟ್ಟರೆ 'ಹೈಪರ್‌ವೈಸರ್ ವೆಂಡರ್: ಕೆವಿಎಂ' ಅಂತ ಒಂದು ಸಾಲು ಜಾಸ್ತಿ ಬರುತ್ತದೆ. ಅಂದರೆ ನಾನಿರುವುದು ನಿಜವಾದ ಯಂತ್ರದಲ್ಲಲ್ಲ, ದೊಡ್ಡ ಯಂತ್ರವೊಂದರ ಪಾಲಿನಲ್ಲಿ. ಒಳಗಿನಿಂದ ಸಿಪಿಯುಐಡಿ ಕೇಳಿದರೆ ಪ್ರಶ್ನೆ ಚಿಪ್‌ಗೆ ನೇರ ಹೋಗುವುದಿಲ್ಲ. ನಡುವೆ ಹೈಪರ್‌ವೈಸರ್ (ದೊಡ್ಡ ಯಂತ್ರವನ್ನು ಪಾಲು ಮಾಡುವ ಸಾಫ್ಟ್‌ವೇರ್) ತಡೆದು, ತನಗೆ ಸರಿ ಕಂಡ ಉತ್ತರ ಕೊಡುತ್ತದೆ. ಕೆಲವು ಕಡೆ ಚಿಪ್‌ನ ಹೆಸರೇ 'ಕ್ಯೂಇಎಂಯು ವರ್ಚುವಲ್ ಸಿಪಿಯು'. ಎರಡು ಸಿಪಿಯು ಅಂತ ಮಾರುವುದು ಸಾಮಾನ್ಯವಾಗಿ ಎರಡು ಬುಟ್ಟಿ, ಇಬ್ಬರು ಆಳುಗಳಲ್ಲ. ಅದೂ ಪಕ್ಕದವರ ಜೊತೆ ಹಂಚಿಕೊಂಡದ್ದಿರಬಹುದು. ಟಾಪ್ ಕಮಾಂಡ್ ಕೊಟ್ಟು ಮೇಲೆ 'ಎಸ್‌ಟಿ' ಅಂತ ಇರುವ ಅಂಕಿ ನೋಡಿ. ಅದು ಸದಾ ಏರಿಕೊಂಡಿದ್ದರೆ, ಒಂದೇ ಹಳ್ಳದಲ್ಲಿ ಮೇಲಿನ ತೋಟದವರು ಪಂಪ್ ಹಾಕಿದ್ದಾರೆ ಅಂತ ತಿಳಿಯಿರಿ.

ಡಾಕರ್‌ನಂಥ ಕಂಟೇನರ್ (ಅದೇ ಕರ್ನಲ್ ಮೇಲೆ ಪ್ರೋಗ್ರಾಂಗೆ ಕಟ್ಟಿಕೊಟ್ಟ ಪ್ರತ್ಯೇಕ ಕೋಣೆ) ಒಳಗೆ ಇದಕ್ಕೆ ಉಲ್ಟಾ. ಅಲ್ಲಿ ಎಲ್‌ಎಸ್‌ಸಿಪಿಯು ಮನೆಯ ಒಟ್ಟು ಸಿಪಿಯು ಎಲ್ಲ ತೋರಿಸುತ್ತದೆ, ನಿಮಗೆ ಕೊಟ್ಟದ್ದು ಎರಡೇ ಆದರೂ. ನಿಜವಾದ ಮಿತಿ ಸಿಗ್ರೂಪ್ ಎಂಬ ಕಡೆ, ಸಿಪಿಯು ಡಾಟ್ ಮ್ಯಾಕ್ಸ್ ಎಂಬ ಫೈಲಿನಲ್ಲಿ ಇರುತ್ತದೆ. ಅಲ್ಲಿ 200000 ಮತ್ತು 100000 ಎಂದಿದ್ದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎರಡು ಸಿಪಿಯುವಿನಷ್ಟು ಹೊತ್ತು ನಿಮ್ಮದು.

ಮ್ಯಾಕ್ ಇರುವವರು ಸಿಸ್‌ಸಿಟಿಎಲ್ ಕಮಾಂಡ್ ಬಳಸಬೇಕು. ದೀಪಾವಳಿಗೆ ಬೆಂಗಳೂರಿನಿಂದ ಬಂದ ತಮ್ಮನ ಮ್ಯಾಕ್‌ನಲ್ಲಿ ಸಿಸ್‌ಸಿಟಿಎಲ್ -ಎನ್ ಅಂತ ಬರೆದು ಮುಂದೆ 'ಮ್ಯಾಕ್‌ಡೆಪ್ ಡಾಟ್ ಸಿಪಿಯು ಡಾಟ್ ಬ್ರ್ಯಾಂಡ್ ಸ್ಟ್ರಿಂಗ್' ಕೊಟ್ಟೆವು. ಬ್ರ್ಯಾಂಡ್ ಮತ್ತು ಸ್ಟ್ರಿಂಗ್ ನಡುವೆ ಜಾಗ ಅಲ್ಲ, ಕೆಳಗೆರೆ. 'ಆಪಲ್ ಎಂ1' ಅಂತ ಬಂತು. ಎಂಟು ಕೋರ್, ಆದರೆ ಎಂಟೂ ಒಂದೇ ಅಳತೆಯವಲ್ಲ: ನಾಲ್ಕು ಜೋರಿನವು, ನಾಲ್ಕು ಮಿತವ್ಯಯದವು. ಆಂಡ್ರಾಯ್ಡ್ ಫೋನುಗಳಲ್ಲೂ ಹೀಗೇ ದೊಡ್ಡದು ಚಿಕ್ಕದು ಸೇರಿಸಿರುತ್ತಾರೆ. ಎಂ1 ಎಕ್ಸ್86 ಜಾತಿಯದಲ್ಲ, ಎಆರ್‌ಎಂ ಎಂಬ ಬೇರೆ ಜಾತಿಯದು. ತಮಾಷೆ ಏನೆಂದರೆ ಯುನೇಮ್ -ಎಂ ಕೊಟ್ಟಾಗ ಅದು ಎಕ್ಸ್86_64 ಅಂದಿತು! ಹಳೆಯ ಇಂಟೆಲ್ ಪ್ರೋಗ್ರಾಂಗಳಿಗೆ ಅನುವಾದ ಮಾಡಿಕೊಡುವ ರೊಸೆಟ್ಟಾ ಒಳಗೆ ತಮ್ಮ ಟರ್ಮಿನಲ್ ತೆರೆದಿದ್ದ. ಅಲ್ಲಿ ಯುನೇಮ್‌ಗೂ ಇಂಟೆಲ್ ವೇಷ.

ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿಯಲ್ಲೂ ಸಿಸ್‌ಸಿಟಿಎಲ್ಲೇ, ಎಚ್‌ಡಬ್ಲ್ಯು ಡಾಟ್ ಮಾಡೆಲ್ ಮತ್ತು ಎಚ್‌ಡಬ್ಲ್ಯು ಡಾಟ್ ಎನ್‌ಸಿಪಿಯು ಎಂಬ ಹೆಸರುಗಳಲ್ಲಿ. ಸೋಲಾರಿಸ್‌ನಲ್ಲಿ ಪಿಎಸ್‌ಆರ್‌ಇನ್ಫೋ. ಅವನ್ನು ಬಳಸುವವರಿಗೆ ನಾನು ಹೇಳಬೇಕಾದ್ದಿಲ್ಲ.

ಅಟ್ಟದ ಮೇಲಿನ ಪೈ ಬಗ್ಗೆ ಹೇಳುವುದು ಬಾಕಿ ಇದೆ. ಮಳೆಮಾಪಕದ ಪುಟ್ಟ ತೊಟ್ಟಿ ತುಂಬಿ ಮಗುಚಿದಾಗಲೆಲ್ಲ ಅದು ಒಂದು ಗೆರೆ ಬರೆದುಕೊಳ್ಳಬೇಕು. ಜುಲೈನಲ್ಲಿ ಒಂದು ವಾರ ವಿಪರೀತ ನಿಧಾನವಾಯಿತು, ಗ್ರಾಫ್ ತೆರೆಯಲು ನಿಮಿಷಗಟ್ಟಲೆ. ಸಿಪಿಯುಇನ್ಫೋ ನೋಡಿದೆ. ಅದರಲ್ಲಿ ಮಾಡೆಲ್ ನೇಮ್ ಸಾಲೇ ಇಲ್ಲ, 64-ಬಿಟ್ ಎಆರ್‌ಎಂ ಚಿಪ್‌ಗಳಲ್ಲಿ ಹಾಗೇ. 'ಇಂಪ್ಲಿಮೆಂಟರ್ 0ಎಕ್ಸ್41, ಪಾರ್ಟ್ 0ಎಕ್ಸ್‌ಡಿ08' ಅಂತ ಸಂಕೇತ ಮಾತ್ರ. ಅದನ್ನು ಬಿಡಿಸಿ ಹೇಳುವ ಪಟ್ಟಿ ಎಲ್‌ಎಸ್‌ಸಿಪಿಯು ಹೊಟ್ಟೆಯಲ್ಲಿ ಇದೆ, ಅದು ಕಾರ್ಟೆಕ್ಸ್-ಎ72 ಅಂದಿತು. ಚಿಪ್ ಸರಿ. ಕೋರ್ ನಾಲ್ಕು, ಸರಿ. /ಸಿಸ್‌ನಲ್ಲಿ ವೇಗ ಕೇಳಿದರೆ 1500000, ಅಂದರೆ 1.5 ಗಿಗಾಹರ್ಟ್ಸ್. ಅದೂ ಸರಿ. ಎಲ್ಲ ಸರಿ, ಯಂತ್ರ ಮಾತ್ರ ತೆವಳುತ್ತಿದೆ.

ಆಮೇಲೆ ಹೊಳೆಯಿತು. /ಸಿಸ್ ಹೇಳುತ್ತಿರುವುದು ಕರ್ನಲ್ ಕೇಳಿದ ವೇಗ. ಸಿಕ್ಕ ವೇಗ ಅಲ್ಲ. ಪೈನಲ್ಲಿ ಕೊನೆಯ ಮಾತು ಫರ್ಮ್‌ವೇರ್‌ನದ್ದು, ಅದನ್ನು ಕೇಳಲು ವಿಸಿಜೆನ್‌ಸಿಎಂಡಿ ಅಂತ ಬೇರೆ ಕಮಾಂಡ್ ಇದೆ. ಅದರ ಮುಂದೆ ಮೆಷರ್ ಕ್ಲಾಕ್ ಆರ್ಮ್ ಕೊಟ್ಟೆ, ಮೊದಲ ಎರಡು ಪದಗಳ ನಡುವೆ ಕೆಳಗೆರೆ ಹಾಕಿ. 600 ಮೆಗಾಹರ್ಟ್ಸ್! ಆಮೇಲೆ ಗೆಟ್ ಥ್ರಾಟಲ್ಡ್ ಕೊಟ್ಟೆ, ನಡುವೆ ಕೆಳಗೆರೆ ಹಾಕಿ. ಬಂದದ್ದು ಸೊನ್ನೆ ಅಲ್ಲ, 0ಎಕ್ಸ್50005. ಕೊನೆಯ 5 ಎಂದರೆ ಈಗಲೇ ವೋಲ್ಟೇಜ್ ಸಾಲುತ್ತಿಲ್ಲ, ಅದಕ್ಕೇ ವೇಗ ತಗ್ಗಿಸಿದೆ. ಮೊದಲ 5 ಎಂದರೆ ಯಂತ್ರ ಶುರುವಾದ ಮೇಲೆ ಹಿಂದೆಯೂ ಹೀಗಾಗಿತ್ತು.

ಮಳೆಗಾಲ, ನಮ್ಮೂರು, ವೋಲ್ಟೇಜ್ ಸಾಲದು ಅಂದ ಕೂಡಲೇ ಬೈಗುಳ ಯಾರಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ಆದರೆ ಈ ಸಲ ಕರೆಂಟಿನವರ ತಪ್ಪಿರಲಿಲ್ಲ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ವೋಲ್ಟೇಜ್ 4.63ರ ಹತ್ತಿರಕ್ಕೆ ಇಳಿದರೆ ಅದು ಗೊಣಗಲು ಶುರು ಮಾಡುತ್ತದೆ. ಅಟ್ಟ ಹತ್ತಿ ನೋಡಿದರೆ ಅಲ್ಲಿ ಚುಚ್ಚಿದ್ದು ಹಳೆಯ ಮೊಬೈಲ್ ಚಾರ್ಜರ್, ಅದಕ್ಕೊಂದು ನೂಲಿನಂಥ ವೈರ್. ಸರಿಯಾದ ಅಡಾಪ್ಟರನ್ನು ಹೆಂಡತಿ ತನ್ನ ಫೋನಿಗೆ ತೆಗೆದುಕೊಂಡಿದ್ದಳು, "ಅದರಲ್ಲಿ ಬೇಗ ಚಾರ್ಜ್ ಆಗುತ್ತೆ" ಅಂತ.

ಅವಳಿಗೆ ಬೇರೆ ಚಾರ್ಜರ್ ತಂದುಕೊಟ್ಟು ಇದನ್ನು ವಾಪಸ್ ಹಾಕಿದೆ. ಪೈ ಮತ್ತೆ ಶುರುವಾದ ಮೇಲೆ ಅದೇ ಪ್ರಶ್ನೆ ಕೇಳಿದೆ. 0ಎಕ್ಸ್0. ಆ ದಿನ ಸಂಜೆಯಿಂದ ಬೆಳಗಿನವರೆಗೆ ಬಿದ್ದ ಮಳೆಯ ಗ್ರಾಫ್ ಎರಡು ಸೆಕೆಂಡಿನಲ್ಲಿ ಬಂತು.